ಪರದೆ ಒಡೆದ ಲ್ಯಾಪ್‌ಟಾಪ್, ಮುಚ್ಚಳ ಹಿಂದಕ್ಕೆ ತಳ್ಳಿದರೆ ಪೂರ್ತಿ ಕತ್ತಲು: ಪ್ಯಾನೆಲ್ ಮಾತ್ರ ಬದಲಿಸಿದರೆ ಸಾಕೇ?

ಪ್ರಶ್ನೆ: ತೋಟದ ರೈಟರ್, ನಾಪೋಕ್ಲು

ಮಾನ್ಯರೇ,

ನಾನು ಕೊಡಗಿನ ನಾಪೋಕ್ಲು ಬಳಿಯ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಕೆಲಸದಲ್ಲಿದ್ದೇನೆ. ಚೆಕ್‌ರೋಲ್ (ಕಾರ್ಮಿಕರ ಹಾಜರಿ ಪಟ್ಟಿ), ವಾರದ ಕೂಲಿಯ ಬಟವಾಡೆ, ಗೊಬ್ಬರ ಮತ್ತು ಡೀಸೆಲ್ಲಿನ ಖರ್ಚು, ಕಾಫಿ ಮಾರಿದ ಬಿಲ್ಲುಗಳು, ಹೀಗೆ ತೋಟದ ಲೆಕ್ಕವೆಲ್ಲವೂ ಕಚೇರಿಯ ಒಂದೇ ಲ್ಯಾಪ್‌ಟಾಪಿನಲ್ಲಿದೆ. ಸ್ವಲ್ಪ ಎಕ್ಸೆಲ್‌ನಲ್ಲಿ, ಉಳಿದದ್ದು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ. ಕಳೆದ ವಾರ ಜೀಪಿನ ಹಿಂದಿನ ಸೀಟಿನಲ್ಲಿಟ್ಟಿದ್ದ ಚೀಲ ತಿರುವಿನಲ್ಲಿ ಜಾರಿ ಬಿದ್ದು, ಒಳಗಿದ್ದ ಈ ಯಂತ್ರದ ಪರದೆ ಒಡೆಯಿತು.

ಈಗಿನ ಸ್ಥಿತಿಯನ್ನು ವಿವರವಾಗಿಯೇ ತಿಳಿಸುತ್ತೇನೆ. ಪರದೆಯ ಎಡ ಕೆಳಮೂಲೆಯಲ್ಲಿ ಬಿರುಕು ಇದೆ. ಅದರ ಸುತ್ತ ಕಪ್ಪು ಕಲೆ ಮೂಡಿದ್ದು, ಮೊದಲ ದಿನ ರೂಪಾಯಿ ನಾಣ್ಯದಷ್ಟಿದ್ದದ್ದು ಈಗ ಅಂಗೈಯಷ್ಟಾಗಿದೆ. ಕಲೆಯಿಂದ ಮೇಲಕ್ಕೆ ಹಸಿರು ಮತ್ತು ಗುಲಾಬಿ ಬಣ್ಣದ ಉದ್ದುದ್ದ ಗೆರೆಗಳು ನಿಂತಿವೆ. ಬಲಗಡೆಯ ಮುಕ್ಕಾಲು ಪಾಲು ಓದಲು ಬರುತ್ತದೆ. ಇಷ್ಟೇ ಆಗಿದ್ದರೆ ಪರದೆ ಬದಲಿಸಿದರೆ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಆದರೆ ಮುಚ್ಚಳವನ್ನು ಒಂದು ಹಂತದಿಂದ ಹಿಂದಕ್ಕೆ ತಳ್ಳಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ, ಮುಂದಕ್ಕೆ ಎಳೆದರೆ ಮತ್ತೆ ಬರುತ್ತದೆ. ಎಡಗಡೆಯ ಹಿಂಜ್ (ಮುಚ್ಚಳದ ಕೀಲು) ಬೀಳುವುದಕ್ಕೆ ಮೊದಲೇ ಬಿಗಿಯಾಗಿತ್ತು, ತೆರೆಯುವಾಗ ಕಿರ್ರೆನ್ನುತ್ತಿತ್ತು.

ಕಚೇರಿಯಲ್ಲಿರುವ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ನೋಡಿದಾಗ ಹಿನ್ನೆಲೆಯ ಚಿತ್ರವೊಂದೇ ಬಂತು. ಐಕಾನ್‌ಗಳಾಗಲಿ, ಕೆಳಗಿನ ಪಟ್ಟಿಯಾಗಲಿ, ತೆರೆದ ಫೈಲಾಗಲಿ ಅಲ್ಲಿ ಕಾಣಲಿಲ್ಲ. ಪಟ್ಟಣದ ಅಂಗಡಿಯೊಂದರಲ್ಲಿ ತೋರಿಸಿದರೆ, ಅವರು ಯಂತ್ರವನ್ನು ಬಿಚ್ಚದೆಯೇ ‘ಮದರ್‌ಬೋರ್ಡ್ ಹೋಗಿದೆ, ಹೊಸದು ತೆಗೆದುಕೊಳ್ಳಿ’ ಎಂದುಬಿಟ್ಟರು. ಟಿವಿಯಲ್ಲಿ ಸರಿಯಾಗಿ ಬಾರದಿರುವುದರಿಂದ ಅವರ ಮಾತೇ ನಿಜವಿರಬಹುದೇ ಎಂಬ ಅನುಮಾನ ನನಗೂ ಇದೆ. ಸಾಹುಕಾರರಿಗೆ ಹೊಸ ಯಂತ್ರದ ಖರ್ಚು ಹೇಳುವ ಮೊದಲು ನಿಜವಾಗಿ ಕೆಟ್ಟಿರುವುದು ಯಾವುದು ಎಂದು ತಿಳಿಯಬೇಕಾಗಿದೆ. ಯಂತ್ರ 15.6 ಇಂಚಿನದು, ವಿಂಡೋಸ್ 11 ಇದೆ, ವಾರಂಟಿ ಮುಗಿದಿದೆ. ಬಿಚ್ಚದೆಯೇ ಮಾಡಬಹುದಾದ ಪರೀಕ್ಷೆಗಳಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: ರಿಪೇರಿಯವ, ಕುಶಾಲನಗರ

ರೈಟರ್ ಅವರೇ, ಬಿಚ್ಚದೆ ಬೋರ್ಡ್ ಹೋಗಿದೆ ಎನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ನೀವು ಬರೆದಿರುವ ಲಕ್ಷಣಗಳಲ್ಲಿ ಬೋರ್ಡ್ ಕೆಟ್ಟಿದೆ ಎನ್ನುವುದಕ್ಕೆ ಒಂದು ಆಧಾರವೂ ನನಗೆ ಕಾಣುತ್ತಿಲ್ಲ. ಟಿವಿಯಲ್ಲಿ ಹಿನ್ನೆಲೆ ಚಿತ್ರ ಬಂದಿದೆ ಎಂದರೆ ಗ್ರಾಫಿಕ್ಸ್ ಭಾಗ ಕೆಲಸ ಮಾಡುತ್ತಿದೆ ಎಂದೇ ಅರ್ಥ. ವಿಂಡೋಸ್ ಆ ಟಿವಿಯನ್ನು ನಿಮ್ಮ ಪರದೆಯ ಮುಂದುವರಿದ ಭಾಗವೆಂದು ತಿಳಿದು, ಐಕಾನ್‌ಗಳನ್ನೂ ಫೈಲುಗಳನ್ನೂ ಒಡೆದ ಪರದೆಯಲ್ಲೇ ಉಳಿಸಿಕೊಂಡು, ಖಾಲಿ ಜಾಗವನ್ನು ಮಾತ್ರ ಟಿವಿಗೆ ಕಳಿಸಿದೆ. ವಿಂಡೋಸ್ ಕೀ ಒತ್ತಿ ಹಿಡಿದು ಪಿ ಒತ್ತಿರಿ. ನಾಲ್ಕು ಆಯ್ಕೆಗಳ ಪಟ್ಟಿ ಬರುತ್ತದೆ. ಅದರಲ್ಲಿ ಎರಡನೆಯದಾದ ಡೂಪ್ಲಿಕೇಟ್ ಎಂಬುದನ್ನು ಆರಿಸಿದರೆ ಎರಡು ಕಡೆಯೂ ಒಂದೇ ದೃಶ್ಯ ಬರುತ್ತದೆ. ಯಾವುದಾದರೂ ಕಿಟಕಿ ಕಪ್ಪು ಕಲೆಯ ಹಿಂದೆ ಸಿಕ್ಕಿಕೊಂಡಿದ್ದರೆ ವಿಂಡೋಸ್ ಕೀ, ಶಿಫ್ಟ್ ಮತ್ತು ಬಾಣದ ಕೀ ಒಟ್ಟಿಗೆ ಒತ್ತಿದಾಗ ಅದು ಇನ್ನೊಂದು ಪರದೆಗೆ ಹಾರುತ್ತದೆ. ಇದು ಎಕ್ಸ್‌ಟೆಂಡ್, ಅಂದರೆ ಟಿವಿ ಪರದೆಯ ಮುಂದುವರಿದ ಭಾಗವಾಗಿರುವ ಆಯ್ಕೆಯಲ್ಲಿದ್ದಾಗ ಉಪಯೋಗಕ್ಕೆ ಬರುವ ಮಾತು.

ಟಿವಿಯಲ್ಲಿ ಎಲ್ಲವೂ ಕಾಣತೊಡಗಿದ ಕೂಡಲೇ ಬೇರೆ ಪರೀಕ್ಷೆಗೆ ಕೈಹಾಕದೆ ಮೊದಲು ಲೆಕ್ಕವನ್ನು ಹೊರಗೆ ತೆಗೆಯಿರಿ. ಟ್ಯಾಲಿಯೊಳಗಿನ ಬ್ಯಾಕಪ್ ಆಯ್ಕೆಯಿಂದ ಒಂದು ಪ್ರತಿ, ಎಕ್ಸೆಲ್ ಫೈಲುಗಳ ಒಂದು ಪ್ರತಿ ಪೆನ್‌ಡ್ರೈವಿಗೆ ಹೋಗಲಿ. ಆ ಪೆನ್‌ಡ್ರೈವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ಒಂದೆರಡು ಫೈಲುಗಳನ್ನು ತೆರೆದು ನೋಡಿದ ಮೇಲೆಯೇ ಬ್ಯಾಕಪ್ ಆಯಿತು ಎನ್ನಿ. ಇದರ ಜೊತೆಗೆ ಇನ್ನೊಂದು ಕೆಲಸವಿದೆ, ಅದನ್ನು ಬಹಳ ಮಂದಿ ಮರೆಯುತ್ತಾರೆ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುವುದುಂಟು. ನಾಳೆ ಯಾರಾದರೂ ಫೈಲುಗಳಿರುವ ನಿಮ್ಮ ಎಸ್‌ಎಸ್‌ಡಿ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ, ಅಥವಾ ಬೋರ್ಡ್ ಬದಲಿಸಿದರೆ, ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದೆ ಒಂದು ಫೈಲೂ ತೆರೆಯುವುದಿಲ್ಲ. ಆ ಖಾತೆ ಯಾರ ಹೆಸರಿನಲ್ಲಿದೆಯೋ ಅವರಿಂದ ಲಾಗಿನ್ ಮಾಡಿಸಿ, ಕೀ ಬರೆದಿಟ್ಟುಕೊಳ್ಳಿ. ತೋಟದ ಯಂತ್ರಗಳಲ್ಲಿ ಎಷ್ಟೋ ಸಲ ಹಿಂದಿನ ರೈಟರ್ ಅವರ ಈಮೇಲ್ ವಿಳಾಸವೇ ಉಳಿದಿರುತ್ತದೆ.

ಇನ್ನು ರೋಗ ಹುಡುಕುವ ವಿಚಾರ. ಬಿರುಕು, ಕಪ್ಪು ಕಲೆ ಮತ್ತು ಗೆರೆಗಳು ಚಿತ್ರ ಮೂಡಿಸುವ ಗಾಜಿನ ಭಾಗವಾದ ಪ್ಯಾನೆಲ್ಲಿನವೇ, ಅದರಲ್ಲಿ ಸಂಶಯವಿಲ್ಲ. ಎರಡು ತೆಳುಗಾಜುಗಳ ನಡುವೆ ದ್ರವ ಸ್ಫಟಿಕವಿರುತ್ತದೆ. ಗಾಜು ಒಡೆದಲ್ಲಿ ಅದು ಸ್ಥಳ ಬಿಟ್ಟು ಹರಡುವುದರಿಂದ ಕಲೆ ದಿನೇ ದಿನೇ ದೊಡ್ಡದಾಗುತ್ತದೆ, ಎಂದೂ ಕುಗ್ಗುವುದಿಲ್ಲ. ಪ್ಯಾನೆಲ್ಲಿನ ಕೆಳ ಅಂಚಿನ ಉದ್ದಕ್ಕೂ ಸಾಲಾಗಿ ಅಂಟಿಸಿದ ಚಿಪ್ಪುಗಳಿಂದ ಮೇಲಕ್ಕೆ ಸಂಜ್ಞೆ ಹೋಗುತ್ತದೆ. ಬಿರುಕು ಆ ಅಂಚನ್ನು ತಾಕಿದ್ದರಿಂದ ನಿಮ್ಮಲ್ಲಿ ಉದ್ದನೆಯ ಗೆರೆಗಳು ಬಂದಿವೆ. ಪ್ಯಾನೆಲ್ ಬದಲಿಸದೆ ಇದಕ್ಕೆ ಬೇರೆ ದಾರಿಯಿಲ್ಲ. ಅಲ್ಲಿಯವರೆಗೆ ಬಿರುಕಿನ ಮೇಲೆ ಅಗಲವಾದ ಸೆಲ್ಲೋಟೇಪ್ ಅಂಟಿಸಿಡಿ, ಗಾಜಿನ ಚೂರು ಕೀಬೋರ್ಡಿನೊಳಗೆ ಬೀಳುವುದು ತಪ್ಪುತ್ತದೆ.

ಆದರೆ ಮುಚ್ಚಳ ಅಲುಗಿದಾಗ ಪೂರ್ತಿ ಕಪ್ಪಾಗುವುದು ಒಡೆದ ಗಾಜಿನ ಲಕ್ಷಣವಲ್ಲ. ಅದಕ್ಕೆ ಮೂರು ಕಾರಣಗಳು ಇರಬಹುದು, ಮೂರನ್ನೂ ಬಿಚ್ಚದೆಯೇ ಬೇರ್ಪಡಿಸಬಹುದು. ಟಿವಿ ಕೇಬಲ್ ತೆಗೆದುಬಿಡಿ. ಯಾವುದಾದರೊಂದು ಹಾಡು ಹಾಕಿ, ಮುಚ್ಚಳವನ್ನು ಪರದೆ ಕಪ್ಪಾಗುವ ಹಂತಕ್ಕೆ ನಿಧಾನವಾಗಿ ತಳ್ಳಿರಿ. ಹಾಡೂ ನಿಂತು ಪವರ್ ದೀಪ ಮಿಣುಕತೊಡಗಿದರೆ ಯಂತ್ರ ನಿದ್ದೆಗೆ ಹೋಗುತ್ತಿದೆ, ಅಂದರೆ ಮುಚ್ಚಳ ಮುಚ್ಚಿದ್ದನ್ನು ಗುರುತಿಸುವ ಅಯಸ್ಕಾಂತ ಮತ್ತು ಸೆನ್ಸರ್ ಭಾಗದಲ್ಲಿ ದೋಷವಿದೆ ಎಂದು ತಿಳಿಯಿರಿ. ಹಾಡು ಮುಂದುವರಿದರೆ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಕಪ್ಪು ಪರದೆಗೆ ಓರೆಯಾಗಿ ಹಿಡಿದು, ಒಂದು ಅಡಿ ಹತ್ತಿರದಿಂದ ನೋಡಿ. ಅಕ್ಷರಗಳು ಮಸುಕಾಗಿ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಮಾತ್ರ ಹೋಗುತ್ತಿದೆ. ಏನೇನೂ ಕಾಣದಿದ್ದರೆ ಚಿತ್ರದ ಸಂಜ್ಞೆಯೇ ಕಡಿದುಹೋಗುತ್ತಿದೆ.

ಈ ಮೂರರ ಫಲಿತಾಂಶ ಬರೆಯಿರಿ. ಡೆಲ್ ಯಂತ್ರವಾಗಿದ್ದರೆ ಇನ್ನೊಂದು ಅನುಕೂಲವಿದೆ: ಆಫ್ ಮಾಡಿ, ಡಿ ಕೀ ಒತ್ತಿ ಹಿಡಿದು ಆನ್ ಮಾಡಿದರೆ ವಿಂಡೋಸ್‌ನ ಹಂಗಿಲ್ಲದೆ ಪ್ಯಾನೆಲ್ ತನ್ನಷ್ಟಕ್ಕೆ ಬಣ್ಣಗಳನ್ನು ಒಂದೊಂದಾಗಿ ತೋರಿಸುತ್ತದೆ.

ಇನ್ನೊಂದು ಮಾತು. ಪರೀಕ್ಷೆ ಮುಗಿದ ಮೇಲೆ ಮುಚ್ಚಳವನ್ನು ಮತ್ತೆ ಮತ್ತೆ ಹಿಂದೆ ಮುಂದೆ ಆಡಿಸಬೇಡಿ. ಪರದೆ ಬೆಳಗುವ ಹಂತದಲ್ಲೇ ನಿಲ್ಲಿಸಿ, ಹಿಂದೆ ದಪ್ಪ ಲೆಡ್ಜರ್ ಪುಸ್ತಕ ಒರಗಿಸಿಟ್ಟು ಕೆಲಸ ಮಾಡಿ. ಕಾರಣವನ್ನು ಫಲಿತಾಂಶ ಬಂದ ಮೇಲೆ ಹೇಳುತ್ತೇನೆ.

ಪ್ರಶ್ನೆ ಕೇಳಿದವರು: ತೋಟದ ರೈಟರ್, ನಾಪೋಕ್ಲು

ಅಣ್ಣ, ತುಂಬಾ ಉಪಕಾರವಾಯಿತು. ಡೂಪ್ಲಿಕೇಟ್ ಆರಿಸಿದೊಡನೆ ಟಿವಿಯಲ್ಲಿ ಎಲ್ಲವೂ ಬಂತು, ಒಂದು ಗೆರೆಯೂ ಇಲ್ಲ, ಕಲೆಯೂ ಇಲ್ಲ. ಟ್ಯಾಲಿ ಮತ್ತು ಎಕ್ಸೆಲ್ ಎರಡರ ಪ್ರತಿಯನ್ನೂ ತೆಗೆದು, ಸಾಹುಕಾರರ ಮನೆಯ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಪೆನ್‌ಡ್ರೈವನ್ನು ಅಲ್ಲಿಯೇ ಬೀರುವಿನಲ್ಲಿಟ್ಟಿದ್ದೇನೆ. ಖಾತೆ ಸಾಹುಕಾರರ ಮಗಳ ಈಮೇಲಿನಲ್ಲಿತ್ತು. ಅವರು ಬೆಂಗಳೂರಿನಿಂದಲೇ ಲಾಗಿನ್ ಆಗಿ ನೋಡಿ 48 ಅಂಕಿಗಳ ಕೀ ಕಳಿಸಿದರು.

ಪರೀಕ್ಷೆಯ ಫಲಿತಾಂಶ: ಹಾಡು ನಿಲ್ಲಲಿಲ್ಲ. ಟಾರ್ಚ್ ಹಿಡಿದಾಗ ಮೇಲಿನ ಬಲಭಾಗದಲ್ಲಿ ಫೋಲ್ಡರುಗಳ ಹೆಸರು ಮಸುಕಾಗಿ ಓದಲು ಬಂತು. ಮುಚ್ಚಳವನ್ನು ಸ್ವಲ್ಪ ಮುಂದಕ್ಕೆ ತಂದಾಗ ಬೆಳಕು ಮೊದಲು ಮಿಣುಮಿಣುಕಿ ಆಮೇಲೆ ನಿಂತಿತು. ಎಡಗಡೆಯ ಹಿಂಜ್ ಹತ್ತಿರ ಪರದೆಯ ಚೌಕಟ್ಟು ಬೆರಳುಗುರು ತೂರುವಷ್ಟು ಬಾಯಿಬಿಟ್ಟಿರುವುದನ್ನೂ ಈಗ ಗಮನಿಸಿದೆ. ಯಂತ್ರ ಡೆಲ್ ಅಲ್ಲ. ಇದರ ಅರ್ಥವೇನು, ಪ್ಯಾನೆಲ್ ಜೊತೆಗೆ ಬೇರೇನು ಬೇಕಾಗುತ್ತದೆ ಎಂದು ತಿಳಿಸಿ. ಪ್ಯಾನೆಲ್ ಮಾತ್ರವಾದರೆ ನಾನೇ ಹಾಕಬಹುದು ಎಂದು ಇಲ್ಲಿನ ಹುಡುಗರು ಹೇಳುತ್ತಿದ್ದಾರೆ.

ಉತ್ತರ: ರಿಪೇರಿಯವ, ಕುಶಾಲನಗರ

ಹಾಗಾದರೆ ನಿಮ್ಮ ಯಂತ್ರದಲ್ಲಿ ಎರಡು ದೋಷಗಳಿವೆ. ಪ್ಯಾನೆಲ್ ಒಡೆದಿದೆ, ಅದು ಕಣ್ಣಿಗೆ ಕಾಣುವಂಥದ್ದು. ಬೋರ್ಡಿನಿಂದ ಪ್ಯಾನೆಲ್ಲಿಗೆ ಹೋಗುವ ಡಿಸ್ಪ್ಲೇ ಕೇಬಲ್ ಹಿಂಜಿನ ಬಳಿ ಜಖಂ ಆಗಿದೆ, ಅದು ಕಾಣದಂಥದ್ದು. ಆ ಕೇಬಲ್ಲಿನಲ್ಲಿ ಕೂದಲೆಳೆಯಂಥ ತಂತಿಗಳು ಹತ್ತಾರಿರುತ್ತವೆ. ಕೆಲವು ಚಿತ್ರದವು, ಕೆಲವು ಹಿಂದಿನ ಬೆಳಕಿಗೆ ವಿದ್ಯುತ್ ಒಯ್ಯುವವು. ನಿಮ್ಮಲ್ಲಿ ಚಿತ್ರ ಉಳಿದು ಬೆಳಕು ಹೋಗುತ್ತಿರುವುದರಿಂದ, ಮತ್ತು ಮುಚ್ಚಳದ ಕೋನ ಬದಲಾದಾಗ ಮಾತ್ರ ಹೀಗಾಗುತ್ತಿರುವುದರಿಂದ, ಬೆಳಕಿನ ತಂತಿಯೇ ಅಲ್ಲಿ ಅರ್ಧ ಕಡಿದಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಬಿಗಿಯಾದ ಹಿಂಜ್ ಚೌಕಟ್ಟನ್ನು ಎತ್ತಿ, ಕೇಬಲ್ಲನ್ನು ಹಿಸುಕಿದೆ. ಜೀಪಿನಲ್ಲಿ ಬಿದ್ದದ್ದು ಅದನ್ನು ಪೂರ್ತಿಗೊಳಿಸಿದೆ.

ಮುಚ್ಚಳ ಆಡಿಸಬೇಡಿ ಎಂದದ್ದು ಇದಕ್ಕೇ. ಬೆಳಕಿನ ತಂತಿಯಲ್ಲಿ ಹರಿಯುವುದು ಬ್ಯಾಟರಿಯ ಅಥವಾ ಚಾರ್ಜರಿನ ಪೂರ್ಣ ವೋಲ್ಟೇಜ್. ಚಾರ್ಜರ್ ಹಾಕಿದಾಗ ಸಾಮಾನ್ಯವಾಗಿ ಅದು 19 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಮೇಲಿನ ಹೊದಿಕೆ ಸವೆದ ತಂತಿ ಹಿಂಜಿನ ಲೋಹಕ್ಕೆ ತಾಗಿದರೆ ಶಾರ್ಟ್ ಆಗಿ, ಬೋರ್ಡಿನ ಮೇಲಿರುವ, ಎಳ್ಳುಕಾಳಿನಂತೆ ಪುಟ್ಟದಾದ ಬ್ಯಾಕ್‌ಲೈಟ್ (ಹಿಂದಿನ ಬೆಳಕಿನ) ಫ್ಯೂಸ್ ಸುಡುತ್ತದೆ. ಸದ್ಯ ನಿಮ್ಮ ಬೆಳಕು ಮರಳಿ ಬರುತ್ತಿರುವುದರಿಂದ ಫ್ಯೂಸ್ ಇನ್ನೂ ಸರಿಯಾಗಿದೆ. ಹಳೆಯ ಕೇಬಲ್ಲನ್ನೇ ಉಳಿಸಿ ಹೊಸ ಪ್ಯಾನೆಲ್ ಹಾಕಿದರೆ ಮೊದಲ ವಾರ ಎಲ್ಲವೂ ಚೆನ್ನಾಗಿ ನಡೆದು, ಒಂದು ದಿನ ಪರದೆ ಕಪ್ಪಾಗಿ, ಅಂಗಡಿಯವರು ಹೇಳಿದ ‘ಬೋರ್ಡ್ ರಿಪೇರಿ’ ಆಗ ನಿಜವಾಗಿಯೂ ಬೇಕಾಗುತ್ತದೆ. ಆದ್ದರಿಂದ ಪ್ಯಾನೆಲ್ಲಿನ ಜೊತೆಯಲ್ಲಿ ಕೇಬಲ್ಲೂ ಬದಲಾಗಲೇಬೇಕು, ಹಿಂಜ್ ಕೂಡ ಸಡಿಲಾಗಬೇಕು. ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದ ಎರಡಕ್ಕೆ ಹಾಕಿದ ದುಡ್ಡು ನೀರಿಗೆ ಹೋದಂತೆಯೇ.

ಪ್ಯಾನೆಲ್ ಮಾತ್ರ ಹಾಕುವುದು ಕೈಚಳಕವಿರುವವರಿಗೆ ಕಷ್ಟವಲ್ಲ. ಕೇಬಲ್ ಹಾಗಲ್ಲ: ಅದರ ಇನ್ನೊಂದು ತುದಿ ಬೋರ್ಡಿನಲ್ಲಿರುವುದರಿಂದ ಕೆಳಗಿನ ಮುಚ್ಚಳ ತೆರೆದು, ಹಿಂಜ್ ಬಿಚ್ಚಿ, ವೈಫೈ ಆಂಟೆನಾದ ತಂತಿಗಳನ್ನು ಬಿಡಿಸಿ, ಮೊದಲಿದ್ದ ದಾರಿಯಲ್ಲೇ ಹೊಸ ಕೇಬಲ್ಲನ್ನು ಕೂರಿಸಬೇಕು. ಒಂದು ಎಳೆ ದಾರಿ ತಪ್ಪಿದರೂ ಹಿಂಜ್ ಅದನ್ನು ಮತ್ತೆ ಅಗಿಯುತ್ತದೆ. ಹಿಂಜಿನ ತಿರುಪು ಹಿಡಿಯುವ ಹಿತ್ತಾಳೆ ನಟ್ಟುಗಳು ಪ್ಲಾಸ್ಟಿಕ್ಕಿನಿಂದ ಕಿತ್ತು ಬಂದಿದ್ದರೆ ಎಪಾಕ್ಸಿ ಅಂಟು ಹಾಕಿ ಕೂರಿಸುವ ಕೆಲಸವೂ ಇರುತ್ತದೆ; ನಿಮ್ಮ ಚೌಕಟ್ಟು ಬಾಯಿಬಿಟ್ಟಿರುವುದನ್ನು ನೋಡಿದರೆ ಒಂದಾದರೂ ಕಿತ್ತಿರಬೇಕು. ಈ ಭಾಗವನ್ನು ಹುಡುಗರ ಕೈಗೆ ಕೊಡಬೇಡಿ.

ಉತ್ತರ: ಲೆಕ್ಕದ ಕಚೇರಿ, ವಿರಾಜಪೇಟೆ

ರೈಟರ್ ಅವರೇ, ನಮ್ಮ ಕಚೇರಿಯ ಯಂತ್ರದ ಪ್ಯಾನೆಲ್ಲನ್ನು ನಾನೇ ಬದಲಿಸಿದ್ದೇನೆ. ಕುಶಾಲನಗರದ ಅಣ್ಣ ಹೇಳಿದಂತೆ ಕೇಬಲ್ ಕೆಲಸ ಅವರಂಥವರಿಗೇ ಸೇರಿದ್ದು. ಆದರೆ ಸರಿಯಾದ ಪ್ಯಾನೆಲ್ ತರಿಸುವುದು ನಿಮ್ಮ ಕೈಯಲ್ಲೇ ಇದೆ. ಹೆಚ್ಚಿನವರು ಎಡವುವುದೂ ಅಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಲ್ಯಾಪ್‌ಟಾಪಿನ ಮಾದರಿಯ ಹೆಸರು ಹೇಳಿ ಪ್ಯಾನೆಲ್ ಕೇಳಬೇಡಿ. ಒಂದೇ ಮಾದರಿಯಲ್ಲಿ ಕಂಪನಿಗಳು ಬೇರೆ ಬೇರೆ ಪ್ಯಾನೆಲ್ ಹಾಕಿರುತ್ತವೆ. ಒಡೆದ ಪ್ಯಾನೆಲ್ಲಿನ ಬೆನ್ನ ಮೇಲಿರುವ ಚೀಟಿಯ ಸಂಖ್ಯೆಯೇ ನಿಜವಾದ ಗುರುತು. ಅದು ಬಿ156, ಎನ್156, ಎನ್‌ವಿ156, ಎಲ್‌ಪಿ156 ಎಂಬಂತೆ ಆರಂಭವಾಗಿ ಮುಂದೆ ಇನ್ನಷ್ಟು ಅಕ್ಷರಗಳಿರುತ್ತವೆ. ಆ 156 ಎಂದರೆ 15.6 ಇಂಚು. ಪೂರ್ತಿ ಸಂಖ್ಯೆಯ ಫೋಟೋ ತೆಗೆದುಕೊಳ್ಳಿ, ಬಾಲದಲ್ಲಿರುವ ಸಣ್ಣ ಅಕ್ಷರಗಳನ್ನೂ ಬಿಡಬೇಡಿ.

ಅದೇ ಸಂಖ್ಯೆಯ ಪ್ಯಾನೆಲ್ ಸಿಗದೆ ಹೊಂದುವ ಬೇರೆಯದನ್ನು ಕೊಡುತ್ತೇವೆ ಎಂದು ಮಾರುವವರು ಹೇಳಿದರೆ ನಾಲ್ಕು ವಿಷಯಗಳನ್ನು ತಾಳೆ ನೋಡಿ. ಕನೆಕ್ಟರ್ 30 ಪಿನ್ನಿನದೋ 40 ಪಿನ್ನಿನದೋ ಎನ್ನುವುದು ಮೊದಲನೆಯದು. ಟಚ್ ಇರುವವು ಮತ್ತು 144 ಹರ್ಟ್ಸ್‌ನಂಥ ವೇಗದ ಪರದೆಗಳು ಸಾಮಾನ್ಯವಾಗಿ 40 ಪಿನ್ನಿನವಾಗಿರುತ್ತವೆ. ಪ್ಯಾನೆಲ್ಲಿನ ಪಕ್ಕಗಳಲ್ಲಿ ತಿರುಪು ಹಾಕುವ ಕಿವಿಗಳಿವೆಯೇ, ಇಲ್ಲದೆ ಅಂಟಿನಿಂದ ಕೂರುವುದೇ ಎನ್ನುವುದು ಎರಡನೆಯದು. ಚೀಟಿಯ ಇಂಚು ಒಂದೇ ಆದರೂ ಹೊರ ಅಗಲ 350 ಮಿಲಿಮೀಟರ್ ಮತ್ತು 360 ಮಿಲಿಮೀಟರ್ ಎಂದು ಎರಡು ಬಗೆ ಇವೆ, ಸ್ಕೇಲ್ ಹಿಡಿದು ಅಳೆಯಿರಿ. ಕೊನೆಯದು ರೆಸಲ್ಯೂಶನ್, ಅಂದರೆ ಪರದೆಯ ಚುಕ್ಕೆಗಳ ಲೆಕ್ಕ. ಮೊದಲು 1366×768 ಇದ್ದಲ್ಲಿ 1920×1080 ಹಾಕಿದರೆ ಅಕ್ಷರ ಚೆನ್ನಾಗಿ ಬರುತ್ತದೆ ಎಂಬ ಆಸೆ ಎಲ್ಲರಿಗೂ ಹುಟ್ಟುತ್ತದೆ. ಆದರೆ ಕೆಲವು ಯಂತ್ರಗಳ ಹಳೆಯ ಕೇಬಲ್ಲಿನಲ್ಲಿ ಅಷ್ಟು ಸಂಜ್ಞೆ ಸಾಗಿಸುವ ತಂತಿಗಳೇ ಇರುವುದಿಲ್ಲ. ನೀವು ಹೇಗೂ ಹೊಸ ಕೇಬಲ್ ತರಿಸುತ್ತಿದ್ದೀರಿ, ಹಾಗಾಗಿ ಎರಡನ್ನೂ ಒಟ್ಟಿಗೆ ಯೋಚಿಸಿ ಕೊಳ್ಳಬಹುದು. ಕೇಬಲ್ಲಿನ ಸಂಖ್ಯೆ ಅದಕ್ಕೇ ಅಂಟಿಸಿದ ಪುಟ್ಟ ಚೀಟಿಯಲ್ಲಿರುತ್ತದೆ. ಡಿಸಿ02 ಅಥವಾ ಡಿಡಿ0 ಎಂದು ಆರಂಭವಾಗುವವು ಹೆಚ್ಚು ಕಾಣಸಿಗುತ್ತವೆ.

ಚೀಟಿ ನೋಡಲು ಪರದೆಯ ಮುಂದಿನ ಚೌಕಟ್ಟು ತೆಗೆಯಬೇಕು. ಇದಕ್ಕೂ ಮೊದಲು ಕೆಳಮುಚ್ಚಳ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ಬಿಡಿಸಲೇಬೇಕು. ಆಫ್ ಮಾಡಿದರೆ ಸಾಕು ಎಂದುಕೊಂಡು ಪ್ಯಾನೆಲ್ಲಿನ ಕನೆಕ್ಟರ್ ಎಳೆದವರು ಆ ಫ್ಯೂಸನ್ನು ಸುಟ್ಟುಕೊಂಡದ್ದನ್ನು ನೋಡಿದ್ದೇನೆ. ಚೌಕಟ್ಟಿಗೆ ಹಳೆಯ ಎಟಿಎಂ ಕಾರ್ಡ್ ಸಾಕು. ಕಬ್ಬಿಣದ ಸ್ಕ್ರೂಡ್ರೈವರ್ ತೂರಿಸಿದರೆ ಅಂಚು ಕಚ್ಚುತ್ತದೆ. ಈಚಿನ ಯಂತ್ರಗಳಲ್ಲಿ ಪ್ಯಾನೆಲ್ಲಿನ ಎಡಬಲ ಅಂಚುಗಳ ಕೆಳಗೆ ರಬ್ಬರಿನಂತೆ ಹಿಗ್ಗುವ ಅಂಟುಪಟ್ಟಿಗಳಿದ್ದು, ಅವುಗಳ ತುದಿ ಕೆಳಗಡೆ ಸ್ವಲ್ಪವೇ ಇಣುಕುತ್ತಿರುತ್ತದೆ. ಆ ತುದಿಯನ್ನು ಚಿಮುಟದಿಂದ ಹಿಡಿದು, ಸುತ್ತಿಕೊಳ್ಳುತ್ತಾ, ಪರದೆಗೆ ಸಮಾನಾಂತರವಾಗಿ ನಿಧಾನಕ್ಕೆ ಎಳೆದರೆ ಪಟ್ಟಿ ಉದ್ದವಾಗುತ್ತಾ ಪೂರ್ತಿ ಹೊರಬರುತ್ತದೆ. ಮೇಲಕ್ಕೆ ಎಳೆದರೆ ಅರ್ಧಕ್ಕೆ ಕಡಿದು, ಉಳಿದರ್ಧ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಪ್ಯಾನೆಲ್ಲನ್ನು ಕೀಬೋರ್ಡಿನ ಮೇಲೆ ಮೃದುವಾದ ಬಟ್ಟೆ ಹಾಸಿ ಮಗುಚಬೇಕು. ಬೆನ್ನ ಕೆಳಭಾಗದಲ್ಲಿ ಟೇಪ್ ಮುಚ್ಚಿದ ಕನೆಕ್ಟರ್ ಇರುತ್ತದೆ. ಟೇಪ್ ಬಿಡಿಸಿ, ಲೋಹದ ಸಣ್ಣ ಕೊಂಡಿಯನ್ನು ಎತ್ತಿ, ಕನೆಕ್ಟರನ್ನು ಪ್ಯಾನೆಲ್ಲಿನ ಉದ್ದಕ್ಕೆ ಜಾರಿಸಿ ತೆಗೆಯುವುದು ಕ್ರಮ. ಮೇಲಕ್ಕೆ ಎತ್ತಿದರೆ ಪಿನ್ನುಗಳು ಬಾಗುತ್ತವೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಪ್ಯಾನೆಲ್ ಸಿಗುವುದು ಸುಲಭ, ಸಾಹುಕಾರರ ಮಗಳು ಅಲ್ಲೇ ಇರುವುದರಿಂದ ಹಳೆಯ ಚೀಟಿಯ ಫೋಟೋ ಕಳಿಸಿ ತರಿಸಬಹುದು. ಕೊರಿಯರಿನಲ್ಲಿ ತರಿಸುವುದಾದರೆ ಪೊಟ್ಟಣ ಒಡೆಯುವಾಗಲೇ ವಿಡಿಯೋ ಮಾಡಿಟ್ಟುಕೊಳ್ಳಿ; ದಾರಿಯಲ್ಲಿ ಗಾಜು ಬಿರುಕು ಬಿಟ್ಟಿದ್ದರೆ ಅದಿಲ್ಲದೆ ಯಾರೂ ವಾಪಸ್ ಪಡೆಯುವುದಿಲ್ಲ.

ಉತ್ತರ: ಬೆಳೆಗಾರ, ಸೋಮವಾರಪೇಟೆ

ಇಷ್ಟೆಲ್ಲ ಏಕೆ ಎನ್ನುವುದು ನನ್ನ ಪ್ರಶ್ನೆ. ಕಚೇರಿಯ ಯಂತ್ರ ಮೇಜು ಬಿಟ್ಟು ಏಳುವುದೇ ಅಪರೂಪವಾದರೆ ಒಡೆದ ಮುಚ್ಚಳವನ್ನೇ ಬಿಚ್ಚಿ ತೆಗೆದು, ಒಂದು ಮಾನಿಟರ್ ಕೊಂಡು ಎಚ್‌ಡಿಎಂಐನಲ್ಲಿ ಜೋಡಿಸಿಬಿಡಿ. ಪ್ಯಾನೆಲ್, ಕೇಬಲ್, ಹಿಂಜ್, ಕೂಲಿ ಎಲ್ಲ ಸೇರಿಸಿದ ದುಡ್ಡಿನಲ್ಲಿ ದೊಡ್ಡ ಮಾನಿಟರ್ ಬರುತ್ತದೆ, ಚೆಕ್‌ರೋಲಿನ ಉದ್ದ ಸಾಲುಗಳು ಕಣ್ಣಿಗೂ ಹಿತವಾಗಿರುತ್ತವೆ. ನಮ್ಮ ತೋಟದಲ್ಲಿ ಹಾಗೆಯೇ ನಡೆಯುತ್ತಿದೆ. ಇನ್ನೊಂದು ಮಾತು, ಮಳೆಗಾಲದಲ್ಲಿ ನಮ್ಮ ಕಡೆಯ ಶೀತಕ್ಕೆ, ಅಂದರೆ ಗಾಳಿಯ ತೇವಕ್ಕೆ, ಹೊಸ ಪ್ಯಾನೆಲ್ಲೂ ಎಷ್ಟು ದಿನ ಬಾಳುತ್ತದೆ ಎಂಬ ಖಾತ್ರಿಯಿಲ್ಲ.

ಉತ್ತರ: ರಿಪೇರಿಯವ, ಕುಶಾಲನಗರ

ಸೋಮವಾರಪೇಟೆಯ ಹಿರಿಯರ ಸಲಹೆ ಖರ್ಚಿನ ದೃಷ್ಟಿಯಿಂದ ತಪ್ಪಲ್ಲ. ಬಟವಾಡೆಯ ದಿನ ಯಂತ್ರವನ್ನು ಕಾರ್ಮಿಕರ ಲೈನ್ ಮನೆಗಳ ಕಡೆಗೋ ಕಣಕ್ಕೋ ಒಯ್ಯುವ ಅಗತ್ಯವಿಲ್ಲದಿದ್ದರೆ ಮಾನಿಟರ್ ಒಳ್ಳೆಯ ದಾರಿಯೇ. ಆದರೆ ಮುಚ್ಚಳವನ್ನು ಪೂರ್ತಿ ಬಿಚ್ಚಿ ಎಸೆಯುವ ಮುನ್ನ ತಿಳಿದಿರಲಿ: ಬಹುತೇಕ ಲ್ಯಾಪ್‌ಟಾಪುಗಳ ವೈಫೈ ಆಂಟೆನಾ ಆ ಮುಚ್ಚಳದ ಚೌಕಟ್ಟಿನೊಳಗೇ ಇರುತ್ತದೆ, ವೆಬ್‌ಕ್ಯಾಮ್ ಅಂತೂ ಅಲ್ಲಿಯೇ. ಅದನ್ನು ತೆಗೆದರೆ ಮಗ್ಗುಲಲ್ಲಿರುವ ರೂಟರೂ ಸರಿಯಾಗಿ ಸಿಗುವುದಿಲ್ಲ. ಲ್ಯಾನ್ ಕೇಬಲ್ ಅಥವಾ ಯುಎಸ್‌ಬಿ ವೈಫೈ ಬೇಕಾಗುತ್ತದೆ. ಎರಡನೆಯ ತೊಡಕು ಕರೆಂಟಿನದು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜೋರು ಮಳೆಯಲ್ಲಿ ಮರ ಬಿದ್ದು ಲೈನ್ ಹೋದರೆ ನಾಪೋಕ್ಲು ಕಡೆ ಎರಡು ಮೂರು ದಿನ ಕರೆಂಟ್ ಕಾಣದಿರುವುದು ಹೊಸದಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಇದ್ದೂ ಪರದೆ ಮಾತ್ರ ಇನ್ವರ್ಟರನ್ನು ನಂಬಿ ಕೂತಿದ್ದರೆ ಲ್ಯಾಪ್‌ಟಾಪ್ ಇಟ್ಟುಕೊಂಡ ಪ್ರಯೋಜನವೇನು? ಟಿವಿಯನ್ನು ತಾತ್ಕಾಲಿಕವಾಗಿ ಬಳಸಿ, ಪ್ಯಾನೆಲ್ ಮತ್ತು ಕೇಬಲ್ ಹಾಕಿಸುವುದೇ ರೈಟರ್ ಅವರ ಕೆಲಸಕ್ಕೆ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ.

ಶೀತದ ಮಾತು ನಿಜ, ಅದರ ಪರಿಣಾಮ ಹೆಚ್ಚಾಗಿ ಕಾಣುವುದು ಕನೆಕ್ಟರುಗಳಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಕಚೇರಿಯಲ್ಲಿ ಬಳಸದೆ ಇಟ್ಟ ಯಂತ್ರಗಳನ್ನು ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು ಹಿಡಿದಿರುವುದು ಮಾಮೂಲು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೃದುವಾದ ಬ್ರಷ್ ಅದ್ದಿ ತೊಳೆದರೆ ಎಷ್ಟೋ ಮಿಣುಕುವ ಪರದೆಗಳು ಪ್ಯಾನೆಲ್ ಬದಲಿಸದೆಯೇ ಸರಿಹೋಗುತ್ತವೆ. ದಿನವೂ ಒಂದೆರಡು ಗಂಟೆ ಓಡುವ ಯಂತ್ರದ ಬಿಸಿಯೇ ಅದನ್ನು ಒಣಗಿಸಿಡುವುದರಿಂದ ಬಳಕೆಯಲ್ಲಿರುವ ಯಂತ್ರಕ್ಕೆ ಅಷ್ಟು ಅಪಾಯವಿಲ್ಲ. ಬೀರುವಿನಲ್ಲಿ ಸಣ್ಣ ಬಲ್ಬ್ ಉರಿಸಿಟ್ಟು ಬೂಷ್ಟು ತಡೆಯುವ ರೂಢಿ ನಮ್ಮಲ್ಲಿತ್ತು. ಈಗಿನ ಎಲ್‌ಇಡಿ ಬಲ್ಬುಗಳಿಗೆ ಅಷ್ಟು ಕಾವಿಲ್ಲ, ಬೆಳಕಷ್ಟೇ ಇದೆ. ಬದಲಿಗೆ ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆಯ ಹಾಗೆ ಒಣಗಲು ಇಡುವುದು ಖಂಡಿತ ಬೇಡ, ಬ್ಯಾಟರಿ ಊದಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು: ತೋಟದ ರೈಟರ್, ನಾಪೋಕ್ಲು

ಎಲ್ಲರಿಗೂ ವಂದನೆಗಳು. ಬಟವಾಡೆಗೆ ಯಂತ್ರವನ್ನು ಜೀಪಿನಲ್ಲಿ ಒಯ್ಯಲೇಬೇಕಾಗಿರುವುದರಿಂದ ಮಾನಿಟರಿನ ಯೋಚನೆ ನಮಗೆ ಹೊಂದುವುದಿಲ್ಲ ಎಂದು ಸಾಹುಕಾರರೂ ಅಭಿಪ್ರಾಯಪಟ್ಟರು. ವಿರಾಜಪೇಟೆಯ ಅಕ್ಕ ಬರೆದಂತೆ ಬ್ಯಾಟರಿ ಬಿಡಿಸಿ ಚೌಕಟ್ಟು ತೆಗೆದೆವು. ಪ್ಯಾನೆಲ್ 1920×1080, ಕನೆಕ್ಟರ್ 30 ಪಿನ್ನಿನದು, ಕಿವಿಗಳಿಲ್ಲ, ಅಗಲ 350 ಮಿಲಿಮೀಟರ್. ಕೇಬಲ್ಲಿನ ಚೀಟಿಯಲ್ಲಿ ಡಿಸಿ02 ಎಂದು ಆರಂಭವಾಗುವ ಸಂಖ್ಯೆ ಇದೆ. ಹಿಂಜಿನ ಬಳಿ ಕೇಬಲ್ಲಿನ ಕಪ್ಪು ಬಟ್ಟೆಯ ಹೊದಿಕೆ ಸವೆದು, ಒಳಗಿನ ಒಂದು ತಂತಿಯ ತಾಮ್ರ ಹೊಳೆಯುತ್ತಿತ್ತು. ಎಡಗಡೆಯ ಹಿತ್ತಾಳೆ ನಟ್ಟೊಂದು ಪ್ಲಾಸ್ಟಿಕ್ ಚೂರಿನ ಸಮೇತ ಕೈಗೆ ಬಂತು. ಅದನ್ನು ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. ಫೋಟೋಗಳನ್ನು ಬೆಂಗಳೂರಿಗೆ ಕಳಿಸಿದ್ದು, ಎರಡೂ ಭಾಗಗಳು ಈ ವಾರದೊಳಗೆ ಕೈಸೇರಲಿವೆ. ಅಲ್ಲಿಯವರೆಗೆ ಬ್ಯಾಟರಿ ಜೋಡಿಸದೆ, ಯಂತ್ರವನ್ನು ಹಾಗೆಯೇ ಮುಚ್ಚಿಡಬೇಕೇ? ಬರುವಾಗ ಜೊತೆಗೆ ಏನೇನು ತರಬೇಕು ಅಣ್ಣ?

ಉತ್ತರ: ರಿಪೇರಿಯವ, ಕುಶಾಲನಗರ

ತಾಮ್ರ ಕಾಣುತ್ತಿದ್ದರೆ ಪ್ಯಾನೆಲ್ ಕಡೆಯ ಕನೆಕ್ಟರ್ ಬಿಡಿಸಿಯೇ ಇರಲಿ. ಲೆಕ್ಕದ ಕೆಲಸ ನಿಲ್ಲಬಾರದು ಎಂದಾದರೆ ಕೇಬಲ್ಲಿನ ಬೋರ್ಡ್ ಕಡೆಯ ತುದಿಯನ್ನೂ ಬಿಡಿಸಿ, ಆಮೇಲೆ ಬ್ಯಾಟರಿ ಜೋಡಿಸಿ ಟಿವಿಯಲ್ಲಿ ಕೆಲಸ ಮಾಡಿ. ಆಗ ಆ ಕೇಬಲ್ಲಿಗೆ ವಿದ್ಯುತ್ತೇ ಹೋಗುವುದಿಲ್ಲ. ಒಳಗಿನ ಪರದೆ ಇಲ್ಲದಿರುವಾಗ ಹೊರಗಿನದೊಂದೇ ವಿಂಡೋಸ್‌ಗೆ ಕಾಣುವುದರಿಂದ ಐಕಾನ್‌ಗಳೂ ಅಲ್ಲಿಯೇ ಬರುತ್ತವೆ.

ಬರುವಾಗ ನಿಮ್ಮದೇ ಚಾರ್ಜರ್ ತನ್ನಿ, ಹಳೆಯ ಪ್ಯಾನೆಲ್ ಮತ್ತು ಆ ಹಿತ್ತಾಳೆ ನಟ್ಟು, ಬಿಚ್ಚಿದ ತಿರುಪುಗಳು ಎಲ್ಲವೂ ಇರಲಿ. ಎಪಾಕ್ಸಿ ಗಟ್ಟಿಯಾಗಲು ಒಂದು ರಾತ್ರಿ ಬೇಕಾಗುವುದರಿಂದ ಅದೇ ದಿನ ಕೊಡಲು ಆಗುವುದಿಲ್ಲ. ಹೊಸ ಪ್ಯಾನೆಲ್ಲಿನ ಮೇಲಿನ ರಕ್ಷಣೆಯ ಹಾಳೆಯನ್ನು ಕೀಳದೆ ತನ್ನಿ. ಅಂಟಿಸುವ ಮೊದಲು ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಪೂರ್ತಿ ಪರದೆಗೆ ಹಾಕಿ ಸತ್ತ ಪಿಕ್ಸೆಲ್ (ಕೆಲಸ ಮಾಡದ ಚುಕ್ಕೆ) ಇದೆಯೇ ಎಂದು ನಿಮ್ಮ ಎದುರೇ ನೋಡೋಣ, ಇದ್ದರೆ ಹಾಳೆ ಕೀಳದ ಪ್ಯಾನೆಲ್ಲನ್ನು ಅಂಗಡಿಯವರು ವಾಪಸ್ ಪಡೆಯುತ್ತಾರೆ. ಆ ಬಣ್ಣಗಳನ್ನು ನನ್ನ ಪೆನ್‌ಡ್ರೈವಿನಿಂದಲೇ ತೋರಿಸುವುದರಿಂದ ನಿಮ್ಮ ವಿಂಡೋಸ್ ತೆರೆಯುವ ಅಗತ್ಯವಿಲ್ಲ, ಆದ್ದರಿಂದ ತೋಟದ ಯಂತ್ರದ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ತರಬೇಡಿ.